ಪೆಡಲ್ ಮೆತ್ತಗಾಗಿತ್ತು ಅಂತ ಬರೆದಿದ್ದೀಯಲ್ಲ

ಭೋಸರಿ, ಪುಣೆ

ತಮ್ಮಾ,

ನಿನ್ನ ಪತ್ರ ಮುಟ್ಟಿತು. ಮನೆಯ ಸುದ್ದಿಯನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿದ್ದಾಳೆ, ಅದು ಇಲ್ಲಿ ಬೇಡ. ನಿನ್ನ ಸರಕು ಗಾಡಿಯ ಮುಂದಿನ ಚಕ್ರದ ಡಿಸ್ಕ್ ಬ್ರೇಕಿನ ಪ್ಯಾಡು ಎಂಟು ಸಾವಿರ ಕಿಲೋಮೀಟರಿಗೇ ಮುಗಿಯುತ್ತಿವೆ, ಇದು ಮೂರನೇ ಸೆಟ್ಟು, ಯಾವ ಕಂಪನಿಯದು ಹಾಕಿಸಲಿ ಅಂತ ಕೇಳಿದ್ದೀಯ. ಅದಕ್ಕೆ ಉತ್ತರ ಹೇಳಬಹುದಿತ್ತು. ಆದರೆ ಸಹಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯ: ಗೋವಾದ ದಾರಿಯ ಚೋರ್ಲಾ ಘಾಟು ಇಳಿಯುವಾಗ ಒಮ್ಮೆ ಬ್ರೇಕ್ ಪೆಡಲ್ ಮೆತ್ತಗಾಗಿತ್ತು, ಕೆಳಗಿನ ಕೇರಿ ಊರಿನಲ್ಲಿ ಚಹಾ ಕುಡಿಯುವಷ್ಟರಲ್ಲಿ ತಾನೇ ಸರಿಹೋಯಿತು ಅಂತ. ಅದನ್ನು ಓದಿದ ಮೇಲೆ ಪ್ಯಾಡಿನ ಕಂಪನಿಯ ವಿಚಾರ ನನ್ನ ತಲೆಗೆ ಹತ್ತಲೇ ಇಲ್ಲ.

ತಾನೇ ಸರಿಹೋಯಿತು ಅನ್ನುವುದೇ ನನ್ನ ಹೆದರಿಕೆ. ಪೈಪು ಒಡೆದು ಆಯಿಲ್ ಸೋರಿದ್ದರೆ ಅದು ತಾನಾಗಿ ಸರಿಹೋಗುವುದಿಲ್ಲ. ಪ್ಯಾಡು ಕಾದು ಹಿಡಿತ ಬಿಟ್ಟಿದ್ದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ, ಅಷ್ಟೆ. ಪೆಡಲ್ ಮೆತ್ತಗಾಗಿ ಕೆಳಗಿಳಿದು, ತಣ್ಣಗಾದ ಮೇಲೆ ಮೊದಲಿನಂತಾಯಿತು ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗೆ ಬ್ರೇಕ್ ಆಯಿಲ್ ಕುದಿದಿದೆ. ಕುದಿದರೆ ಆವಿ. ಆಯಿಲನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಮುಟ್ಟುತ್ತದೆ, ಆವಿಯನ್ನು ಒತ್ತಿದರೆ ಅದು ತಾನೇ ಕುಗ್ಗಿ ಸುಮ್ಮನಾಗುತ್ತದೆ. ಆ ದಿನ ಅರ್ಧ ಪೆಡಲಿಗೆ ನಿಂತಿತು. ಇನ್ನೊಂದು ತಿರುವು ಹೆಚ್ಚಿಗೆ ಇದ್ದಿದ್ದರೆ ನೆಲ ಮುಟ್ಟುತ್ತಿತ್ತು.

ಡಾಟ್ 3 ಅನ್ನುವ ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಡಾಟ್ 4 ಆದರೆ 230. ಇದು ಸೀಲು ಒಡೆದ ದಿನದ ಮಾತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಗೋವಾದ ಹವೆಯಲ್ಲಂತೂ ಕೇಳುವುದೇ ಬೇಡ. ತೇವ ಹೀರಿದ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155 ಅಂತ ಲೆಕ್ಕ ಇಟ್ಟಿದ್ದಾರೆ. ಬೆಳಗಾವಿಯಿಂದ ತರಕಾರಿ ತುಂಬಿದ ನಿನ್ನ ಗಾಡಿ ಒಟ್ಟು ಮೂರು ಟನ್ ಅನ್ನು, ಘಾಟಿನಲ್ಲಿ 600 ಮೀಟರ್ ಕೆಳಗಿಳಿಯಿತು ಅನ್ನು. ಆ ಭಾರವನ್ನು ಬರೀ ಬ್ರೇಕಿನಲ್ಲೇ ತಡೆದು ಇಳಿಸಿದರೆ ಹುಟ್ಟುವ ಕಾವು ಐವತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಲ್ಲದು. ನಾಲ್ಕು ಚಕ್ರ ಹಂಚಿಕೊಳ್ಳಬೇಕಾದ ಆ ಕಾವನ್ನು ನಿನ್ನ ಗಾಡಿಯಲ್ಲಿ ಮುಂದಿನ ಎರಡೇ ಚಕ್ರ ನುಂಗುತ್ತಿವೆ. ಮೇಲಿಂದ ಪ್ಯಾಡು ತೆಳ್ಳಗಾಗಿದೆ. ಹೊಸ ಪ್ಯಾಡಿನ ಹತ್ತು ಮಿಲಿಮೀಟರ್ ಮಸಾಲೆ, ಅಂದರೆ ಡಿಸ್ಕಿಗೆ ಉಜ್ಜುವ ಪದರ, ಡಿಸ್ಕಿನ ಬಿಸಿ ಪ್ಯಾಡನ್ನು ತಳ್ಳುವ ಪಿಸ್ಟನ್ನಿಗೆ ಮುಟ್ಟದ ಹಾಗೆ ಗೋಡೆಯಂತೆ ನಿಂತಿರುತ್ತದೆ. ಅದು ಮೂರಕ್ಕೆ ಬಂದರೆ ಬಿಸಿ ನೇರ ಆಯಿಲಿಗೆ. ಹಾಗಾಗಿ ಸವೆದ ಪ್ಯಾಡು, ಮೆತ್ತಗಾದ ಪೆಡಲ್ ಎರಡೂ ಬೇರೆ ಬೇರೆ ರೋಗ ಅಂತ ತಿಳಿಯಬೇಡ.

ಇನ್ನು ಮುಂದಿನದು ಯಾಕೆ ಸವೆಯುತ್ತಿದೆ ಅಂತ ಹಿಂದೆ ಹೋಗಿ ನೋಡು. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುತ್ತದೆ, ಆದ್ದರಿಂದ ಮುಂದಿನ ಡಿಸ್ಕು ಹೆಚ್ಚು ಕೆಲಸ ಮಾಡುವುದು ಸಹಜ. ಆದರೆ ಎಂಟು ಸಾವಿರಕ್ಕೇ ಪ್ಯಾಡು ಮುಗಿಯುತ್ತಿದ್ದರೆ ಹಿಂದಿನ ಚಕ್ರದ ಡ್ರಮ್ ಬ್ರೇಕು ಕೆಲಸ ಮಾಡದೆ ಡ್ರಮ್ಮು ಸುಮ್ಮನೆ ತಿರುಗುತ್ತಿರಬಹುದು. ಇದನ್ನು ಬರೆಯುವಾಗ ನನಗೇ ನಾಚಿಕೆ. ಮುಂದಿನ ಪ್ಯಾಡು ಹಾಕಲು ಅರ್ಧ ಗಂಟೆ, ಹಿಂದಿನ ಡ್ರಮ್ಮು ತುಕ್ಕು ಹಿಡಿದು ಕೂತಿದ್ದರೆ ಅರ್ಧ ದಿನ. ಗಿರಾಕಿ ಅವಸರ ಮಾಡುತ್ತಾನೆ ಅಂತ ನಾವು ಮೆಕ್ಯಾನಿಕರು ಎಷ್ಟು ಗಾಡಿಗಳಿಗೆ ಬರೀ ಮುಂದಿನದು ಹಾಕಿ ಕೀಲಿಕೈ ಕೊಟ್ಟೆವೋ. ಹ್ಯಾಂಡ್ ಬ್ರೇಕು ಸಡಿಲ ಅಂದವರಿಗೆ ಕೇಬಲ್ ಬಿಗಿಮಾಡಿ ಕಳಿಸಿದ್ದೂ ಉಂಟು. ಹಾಗೆ ಮಾಡಿದರೆ ಡ್ರಮ್ಮಿನೊಳಗಿನ ಲಿವರ್ ತನ್ನ ಜಾಗಕ್ಕೆ ಹಿಂದಿರುಗುವುದಿಲ್ಲ, ಡ್ರಮ್ಮಿಗೆ ಉಜ್ಜುವ ಲೈನರ್ ಸವೆದಂತೆ ತಾನೇ ಬಿಗಿಯಾಗುವ ಅಡ್ಜಸ್ಟರ್ ನಿಂತೇ ಹೋಗುತ್ತದೆ. ಹ್ಯಾಂಡ್ ಬ್ರೇಕು ಚೆನ್ನಾಯಿತು ಅಂತ ಗಿರಾಕಿಗೆ ಖುಷಿ, ಕಾಲಿನ ಬ್ರೇಕಿಗೆ ಹಿಂದಿನ ಚಕ್ರ ಇಲ್ಲವೇ ಇಲ್ಲ.

ನಾಳೆ ಘಾಟು ಇಳಿದು ನಿಲ್ಲಿಸಿದ ಕೂಡಲೇ ಹಿಂದಿನ ಚಕ್ರದ ಹತ್ತಿರ ಅಂಗೈ ಒಡ್ಡು, ಮುಟ್ಟಬೇಡ. ರಿಮ್ಮಿನ ತೂತಿನಿಂದ ಡ್ರಮ್ಮಿನ ಮೇಲೆ ನಾಲ್ಕು ಹನಿ ನೀರು ಬಿಡು. ಮುಂದೆ ಸುಟ್ಟ ವಾಸನೆ ಇದ್ದು ಹಿಂದೆ ಹನಿ ಚುರ್ ಎನ್ನದಿದ್ದರೆ ಅಲ್ಲೇ ಗೊತ್ತಾಯಿತು. (ಮುಂದಿನ ಡಿಸ್ಕಿಗೆ ನೀರು ಹಾಕಬೇಡ, ಡೊಂಕಾಗುತ್ತದೆ.) ನಾಳೆ ಅಂದೆನಲ್ಲ, ನಾಳೆ ಲೋಡು ಹಿಡಿಯದೇ ಇದ್ದರೆ ಇನ್ನೂ ಒಳ್ಳೆಯದು.

ಡ್ರಮ್ಮು ಬಿಚ್ಚಿಸಿದಾಗ ನೀನು ಪಕ್ಕದಲ್ಲೇ ನಿಂತಿರು. ಲೈನರನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಎತ್ತಿ ಒಳಗೆ ಒದ್ದೆ ಇದೆಯಾ ನೋಡು. ಆಕ್ಸಲ್ ಸೀಲು ಸೋರಿ ಗೇರ್ ಆಯಿಲ್ ಲೈನರಿಗೆ ಹತ್ತಿದ್ದರೆ ಉಜ್ಜಿ ತೊಳೆದು ಹಾಕುತ್ತೇನೆ ಅನ್ನುತ್ತಾರೆ, ಒಪ್ಪಬೇಡ, ಎರಡೂ ಕಡೆಯ ಲೈನರ್ ಹೊಸದು. ಅಡ್ಜಸ್ಟರನ್ನು ತಿರುಗಿಸುವ ಹಲ್ಲಿನ ಚಕ್ರ, ಸ್ಟಾರ್ ವೀಲು, ಅದರ ಎಳೆ ತುಕ್ಕು ಹಿಡಿದಿದ್ದರೆ ಬಿಚ್ಚಿ ಉಜ್ಜಿಸಿ, ಬಿಸಿಗೆ ಕರಗದ ಗ್ರೀಸು ತೆಳ್ಳಗೆ. ಮೊದಲು ಹ್ಯಾಂಡ್ ಬ್ರೇಕ್ ಕೇಬಲ್ ಪೂರ್ತಿ ಸಡಿಲಿಸಬೇಕು. ಆಮೇಲೆ ಚಕ್ರ ಬಿಗಿಯುವ ತನಕ ಸ್ಟಾರ್ ವೀಲು ತಿರುಗಿಸಿ, ಸ್ವಲ್ಪವೇ ಉಜ್ಜುವಷ್ಟು ಹಿಂದಕ್ಕೆ ಬಿಡಬೇಕು. ಕೇಬಲ್ ಬಿಗಿಮಾಡುವುದು ಕೊನೆಗೆ. ಈ ಕ್ರಮ ತಪ್ಪಿದರೆ ಮತ್ತೆ ಅದೇ ಕತೆ.

ಈಗ ನಿಜವಾಗಿ ಹೇಳಬೇಕಾದ್ದು. ನಿನ್ನ ಗಾಡಿ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲದ ಹಳೆಯ ಮಾದರಿ. ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಹಿಂದಿನ ಆಕ್ಸಲಿನ ಮೇಲುಗಡೆ, ಭಾರಕ್ಕೆ ತಕ್ಕಂತೆ ಬ್ರೇಕ್ ಒತ್ತಡ ಬಿಡುವ ಒಂದು ವಾಲ್ವ್ ಇದೆ, ಎಲ್‌ಎಸ್‌ಪಿವಿ ಅನ್ನುತ್ತಾರೆ. ಅದರಿಂದ ಒಂದು ಲಿಂಕು ಆಕ್ಸಲಿಗೆ ಇಳಿದಿರುತ್ತದೆ. ಲೋಡು ಬಿದ್ದು ಪಟ್ಟಾ (ಸ್ಪ್ರಿಂಗಿನ ಉಕ್ಕಿನ ಪಟ್ಟಿ) ಬಗ್ಗಿ ಚಾಸಿ ಕೆಳಗೆ ಬಂದರೆ, ಗಾಡಿ ತುಂಬಿದೆ ಅಂತ ವಾಲ್ವಿಗೆ ತಿಳಿಯುವುದು ಆ ಲಿಂಕಿನಿಂದಲೇ. ತಿಳಿದರೆ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿ ಖಾಲಿ ಅನಿಸಿದರೆ ಹಿಂದಿನ ಚಕ್ರ ಜಾಮ್ ಆಗಿ ಜಾರದಿರಲಿ ಅಂತ ಒತ್ತಡ ಕಡಿಮೆ ಮಾಡುತ್ತದೆ. ಹಿಂದೆ ಎರಡು ಪಟ್ಟಾ ಹೆಚ್ಚಿಗೆ ಸೇರಿಸಿದರೆ ಏನಾಗುತ್ತದೆ? ಒಂದೂವರೆ ಟನ್ ಹೇರಿದರೂ ಚಾಸಿ ಅಷ್ಟಾಗಿ ಇಳಿಯುವುದಿಲ್ಲ. ವಾಲ್ವಿನ ಪಾಲಿಗೆ ಗಾಡಿ ಖಾಲಿ.

ಆ ಪಟ್ಟಾ ಹಾಕಿಸು ಅಂದವನು ನಾನೇ. ಗಾಡಿ ಹಿಂದೆ ಕೂರುತ್ತದೆ ಅಂದೆ ನೀನು, ಎರಡು ಪಟ್ಟಾ ಸೇರಿಸಿದರೆ ಮುಗಿಯಿತು ಅಂದೆ ನಾನು. ವಾಲ್ವಿನ ನೆನಪೇ ಆಗಲಿಲ್ಲ. ನಿನ್ನ ಆ ಒಂದು ಸಾಲು ಓದಿದ ರಾತ್ರಿ ನೆನಪಾಯಿತು.

ಪಟ್ಟಾ ತೆಗೆಸು. ಪಾಸಿಂಗಿನಷ್ಟೇ (ಗಾಡಿಯ ಕಾಗದದಲ್ಲಿ ಬರೆದ ಭಾರದಷ್ಟೇ) ಹೇರು ಅಂದರೆ ಬಾಡಿಗೆ ಗಿಟ್ಟುವುದಿಲ್ಲ ಅನ್ನುತ್ತೀಯ, ಅದೂ ನನಗೆ ಗೊತ್ತು, ಆದರೂ ಹೇಳುತ್ತೇನೆ. ತೆಗೆಸಿದ ಮೇಲೆ ಲಿಂಕಿನ ಅಳತೆಯನ್ನು ಸರ್ವಿಸ್ ಮ್ಯಾನುಯಲ್ ಪ್ರಕಾರ ಕೂರಿಸಬೇಕು. ಮುಂದೆ ಒಂದು, ಹಿಂದೆ ಒಂದು ಪ್ರೆಷರ್ ಗೇಜ್ ಹಾಕಿ ನೋಡುವ ವರ್ಕ್‌ಶಾಪೇ ಆಗಬೇಕು, ಕಣ್ಣಂದಾಜಿನ ಕೆಲಸ ಅಲ್ಲ. ಯಾರಾದರೂ ಲಿಂಕನ್ನು ತಂತಿಯಿಂದ ಎತ್ತಿ ಕಟ್ಟಿದರೆ ಸಾಕು, ಫುಲ್ ಬ್ರೇಕು ಅಂದರೆ ಕಟ್ಟಿಸಬೇಡ. ಮಳೆಯಲ್ಲಿ ಖಾಲಿ ಗಾಡಿ ತಿರುಗಿ ಹೋಗುವಾಗ ಹಿಂದಿನ ಚಕ್ರ ಜಾಮ್ ಆಗಿ ಬಾಲ ಬೀಸುತ್ತದೆ. ಇನ್ನೊಂದು, ಹಿಂದಿನ ಬ್ರೇಕು ಪರೀಕ್ಷಿಸುವಾಗ ಜಾಕು ಆಕ್ಸಲಿನ ಕೆಳಗೇ ಕೊಡಬೇಕು. ಚಾಸಿಗೆ ಕೊಟ್ಟರೆ ಆಕ್ಸಲ್ ನೇತಾಡುತ್ತದೆ, ವಾಲ್ವ್ ಮುಚ್ಚಿಕೊಳ್ಳುತ್ತದೆ, ಸರಿಯಿರುವ ಬ್ರೇಕೂ ಕೆಟ್ಟಂತೆ ಕಾಣುತ್ತದೆ.

ಮುಂದಿನದನ್ನೂ ಬಿಡುವಂತಿಲ್ಲ. ತೆಗೆದ ಹಳೆಯ ಪ್ಯಾಡು ನಾಲ್ಕನ್ನೂ ಬಿಸಾಡದೆ ಸಾಲಾಗಿ ಇಟ್ಟು ನೋಡು. ಒಂದೇ ಚಕ್ರದ ಒಳಗಿನದಕ್ಕೂ ಹೊರಗಿನದಕ್ಕೂ ಎರಡು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಕ್ಯಾಲಿಪರ್ ಸರಿದಾಡುವ ಸ್ಲೈಡ್ ಪಿನ್ನು ಜಾಮ್, ಇಲ್ಲವೇ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ. ಸಾಖಳಿ ಕಡೆಯ ಕೆಂಪು ಧೂಳು, ಮಳೆಗಾಲದ ರಾಡಿ ಪಿನ್ನಿನ ಹರಿದ ರಬ್ಬರಿನಲ್ಲಿ ಹೊಕ್ಕರೆ ಹೀಗೇ ಆಗುವುದು. ಪಿನ್ನಿಗೆ ಸಿಲಿಕಾನ್ ಗ್ರೀಸು ಮಾತ್ರ, ಚಾಸಿ ಗ್ರೀಸು ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಎಡದ್ದು ಬಲದ್ದು ವ್ಯತ್ಯಾಸ ಇದ್ದರೆ ಮುಂದಿನ ಚಕ್ರ ಎತ್ತಿ ಪೆಡಲ್ ತುಳಿದು ಬಿಟ್ಟು ತಿರುಗಿಸು. ಬಿಗಿಯಾಗಿದ್ದರೆ ಏರ್ ತೆಗೆಯುವ ಬ್ಲೀಡರ್ ನಿಪ್ಪಲ್ ಸಡಿಲಿಸು. ಆಗ ಚಕ್ರ ಬಿಟ್ಟುಕೊಂಡರೆ ರಬ್ಬರ್ ಹೋಸು ಒಳಗೆ ಊದಿಕೊಂಡು ಆಯಿಲನ್ನು ತಡೆದಿದೆ, ಬಿಡದಿದ್ದರೆ ಕ್ಯಾಲಿಪರಿನದೇ ತಪ್ಪು. ಎರಡೂ ಚಕ್ರ ಬಿಗಿಯಾಗಿದ್ದರೆ ಪೆಡಲಿನ ತುಳಿತವನ್ನು ಆಯಿಲಿಗೆ ಮುಟ್ಟಿಸುವ ಮಾಸ್ಟರ್ ಸಿಲಿಂಡರಿನ ನಟ್ಟು ಸ್ವಲ್ಪ ಸಡಿಲಿಸಿ ನೋಡಲಿ. ಆಗ ಬಿಟ್ಟುಕೊಂಡರೆ ಅದನ್ನು ತಳ್ಳುವ ಪುಷ್ ರಾಡಿಗೆ ಆಟವೇ ಇಲ್ಲ ಅಂತ ಅರ್ಥ.

ಆಯಿಲ್ ಪೂರ್ತಿ ಬದಲಿಸು, ಇದನ್ನು ಈ ವಾರವೇ ಮಾಡು. ಡಾಟ್ 4, ಸೀಲು ಒಡೆಯದ ಡಬ್ಬಿ, ಒಂದು ಲೀಟರ್ ಸಾಕು. ಏರ್ ತೆಗೆಯುವುದು ಹಿಂದಿನ ಎಡದಿಂದ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಮುಂದೆಯೂ ಎರಡು ವರ್ಷಕ್ಕೊಮ್ಮೆ. ಪ್ಯಾಡಿನ ಕಂಪನಿ ಕೇಳಿದ್ದೆಯಲ್ಲ, ಗಾಡಿಯ ಕಂಪನಿಯದೇ ಹಾಕು, ಮೂರು ಮಿಲಿಮೀಟರಿಗೆ ಬಂದರೆ ತೆಗೆ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಕೊರೆದಿರುತ್ತದೆ, ಅದಕ್ಕಿಂತ ತೆಳ್ಳಗಾಗಿದ್ದರೆ ಅದನ್ನೂ.

ನ್ಯೂಟ್ರಲಿನಲ್ಲಿ ಇಳಿಯುತ್ತೀಯಾ ಅಂತ ಕೇಳಲು ಧೈರ್ಯ ಬರುತ್ತಿಲ್ಲ. ಡೀಸೆಲ್ ಉಳಿಯುತ್ತದೆ ಅಂತ ಎಲ್ಲರೂ ಮಾಡುತ್ತಾರೆ. ಈಗಿನ ಕಾಮನ್ ರೇಲ್ ಎಂಜಿನ್ನು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ಲೇ ಕುಡಿಯುವುದಿಲ್ಲ, ನ್ಯೂಟ್ರಲಿನಲ್ಲೇ ಕುಡಿಯುವುದು. ಎಂಜಿನ್ ಬಂದ್ ಮಾಡಿದರಂತೂ ತುಳಿತಕ್ಕೆ ಬಲ ಸೇರಿಸುವ ಬೂಸ್ಟರಿನ ವ್ಯಾಕ್ಯೂಮ್ ಎರಡು ಮೂರು ತುಳಿತಕ್ಕೆ ಮುಗಿದು ಪೆಡಲ್ ಕಲ್ಲಾಗುತ್ತದೆ. ಯಾವ ಗೇರಿನಲ್ಲಿ ಘಾಟು ಹತ್ತುತ್ತೀಯೋ ಅದರಲ್ಲೇ ಇಳಿ. ನಲವತ್ತು ದಾಟಿದರೆ ಗಟ್ಟಿಯಾಗಿ ತುಳಿದು ಮೂವತ್ತಕ್ಕೆ ತಂದು ಪೂರ್ತಿ ಬಿಡು, ಕಾಲು ಪೆಡಲಿನ ಮೇಲೆ ಇಟ್ಟುಕೊಂಡು ಬರಬೇಡ. ಅರವತ್ತರ ಗಾಡಿಯಲ್ಲಿ ನಲವತ್ತರದ್ದಕ್ಕಿಂತ ಎರಡೂಕಾಲು ಪಟ್ಟು ಶಕ್ತಿ ಇರುತ್ತದೆ, ಅದೆಲ್ಲ ಪ್ಯಾಡಿಗೇ ಹೋಗುವುದು.

ಮತ್ತೆ ಮೆತ್ತಗಾದರೆ, ಆಗದಿರಲಿ, ಪೆಡಲನ್ನು ಬೇಗ ಬೇಗ ಪಂಪ್ ಮಾಡು, ಗೇರು ಒಂದೊಂದೇ ಇಳಿಸು, ಹ್ಯಾಂಡ್ ಬ್ರೇಕು ಬಟನ್ ಒತ್ತಿಹಿಡಿದು ಸ್ವಲ್ಪ ಸ್ವಲ್ಪವೇ ಎಳೆ. ಎಂಜಿನ್ ಬಂದ್ ಮಾಡಬೇಡ. ಗಾಡಿಯನ್ನು ಗುಡ್ಡದ ಕಡೆ ಒತ್ತು, ಕಣಿವೆಯ ಕಡೆ ಅಲ್ಲ. ನಿಂತ ಮೇಲೆ ಪೆಡಲ್ ಗಟ್ಟಿಯಾಯಿತು ಅಂತ ಮತ್ತೆ ಹೊರಡಬೇಡ. ಮಾಪುಸಾ ಮಾರುಕಟ್ಟೆ ತಪ್ಪಿದರೆ ತಪ್ಪಲಿ, ಟೊಮೇಟೊ ಕೊಳೆತರೆ ಆ ಹಣ ನಾನು ಕೊಡುತ್ತೇನೆ.

ಖಾಲಿ ಗಾಡಿಯದೊಂದು, ತುಂಬಿದ ಗಾಡಿಯದೊಂದು, ಆ ಲಿಂಕಿನ ಎರಡು ಫೋಟೊ ತೆಗೆದು ಕಳಿಸು. ಪಕ್ಕದಲ್ಲಿ ಸ್ಕೇಲ್ ಹಿಡಿದಿರು. ಎರಡರಲ್ಲೂ ಲಿಂಕು ಒಂದೇ ಜಾಗದಲ್ಲಿ ಕಂಡರೆ ಪಟ್ಟಾ ತೆಗೆಸುವ ತನಕ ಘಾಟಿಗೆ ಲೋಡು ಹಿಡಿಯಬೇಡ.

ನಿನ್ನ
ಕಾಕಾ