ಅಪ್ಪನ ಸ್ವೆಟರ್ ಮುಗಿಯಿತು

ಸಂಕ್ರಾಂತಿ ದಿನ ಬೆಳಿಗ್ಗೆ ಅಪ್ಪನ ಸ್ವೆಟರಿಗೆ ಕೊನೆಯ ಗುಂಡಿ ಹಚ್ಚಿ ದಾರ ಕತ್ತರಿಸಿದೆ. ಪಕ್ಕದಲ್ಲೇ ಕುಸುರೆಳ್ಳಿನ ತಟ್ಟೆ ಇತ್ತು. ಅಪ್ಪ ಈ ಸ್ವೆಟರ್ ಕೇಳಿ ನಾಲ್ಕು ಚಳಿಗಾಲ ಕಳೆದಿದ್ದವು. ಒಂದು ಸ್ವೆಟರ್ ಮುಗಿಸಲು ನೆರವಾದವರಿಗೆ ಇಷ್ಟುದ್ದ ಧನ್ಯವಾದವೇ ಅಂತ ನಗಬಹುದು. ನಮ್ಮ ಮನೆಯ ಟ್ರಂಕು ನೋಡಿದವರು ಮಾತ್ರ ನಗುವುದಿಲ್ಲ.

ಆ ಟ್ರಂಕಿನಲ್ಲಿ ನಾನು ಅರ್ಧಕ್ಕೆ ಬಿಟ್ಟ ಒಂಬತ್ತು ಹೆಣಿಕೆಗಳಿವೆ. ಒಂದೇ ತೋಳಿನ ಕಾರ್ಡಿಗನ್. ಗೇಣುದ್ದದ ಮಫ್ಲರ್. ತಂಗಿಯ ಮಗುವಿಗೆ ಅಂತ ಶುರು ಮಾಡಿದ ಟೋಪಿ. ಆ ಮಗು ಈಗ ಮೂರನೇ ಕ್ಲಾಸು. ಹೊಸ ಬಣ್ಣದ ಉಲನ್ ಕಂಡರೆ ಸಾಕು, ಕೈಯಲ್ಲಿದ್ದದ್ದು ಮೂಲೆಗೆ. ಬಿಟ್ಟ ಹೆಣಿಕೆಯಲ್ಲಿ ಸೂಜಿ ಸಿಕ್ಕಿಕೊಂಡೇ ಇರುತ್ತಲ್ಲ, ಹಾಗಾಗಿ ಮತ್ತೆ ಸೂಜಿ ಕೊಳ್ಳುವುದು. 10ನೇ ನಂಬರಿನ ಸೂಜಿ ನನ್ನ ಹತ್ತಿರ ಐದು ಜೊತೆ ಇವೆ. ಯಜಮಾನರಿಗೆ ಈ ಲೆಕ್ಕ ಗೊತ್ತಾಗಿದ್ದು ಇವತ್ತೇ.

ಮೊದಲ ನಮಸ್ಕಾರ ಧಾರವಾಡದ ನಮ್ಮ ಮಾಳಮಡ್ಡಿಯ ಪಕ್ಕದ ಮನೆ ಕಾಕೂಗೆ. ಎಪ್ಪತ್ತು ದಾಟಿದ ಮೇಲೂ ಇಳಕಲ್ ಸೀರೆಗೆ ಕಸೂತಿ ಹಾಕುವವರು. ಗೆರೆ ಬರೆದುಕೊಳ್ಳದೆ, ಬಟ್ಟೆಯ ಎಳೆ ಎಣಿಸಿಯೇ ಗೋಪುರ, ತೇರು, ಆನೆ ಎಲ್ಲ ಮೂಡಿಸುತ್ತಾರೆ. ಗಣೇಶ ಚೌತಿಗೆ ಬಂದಾಗ ನನ್ನ ಟ್ರಂಕು ಅವರ ಕಣ್ಣಿಗೆ ಬಿತ್ತು. ಬೈಯಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಕಸೂತಿಯ ಗಾವಂತಿ ಹೊಲಿಗೆ ತೋರಿಸಿದರು. ಸೂಜಿ ಒಂದು ಸಲ ಎಳೆ ಬಿಟ್ಟು ಬಿಟ್ಟು ಮುಂದೆ ಹೋಗುತ್ತದೆ. ಆಮೇಲೆ ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಬಿಟ್ಟ ಜಾಗ ತುಂಬುತ್ತದೆ. ಹಿಂದೆ ಗಂಟಿಲ್ಲ, ಎರಡೂ ಮಗ್ಗುಲು ಒಂದೇ ಥರ. "ನಡುವ ಎದ್ದು ಹೋದರ ಬರೇ ತೂತು ಕಾಣಸ್ತಾವ ನೋಡು. ನಿನ್ನ ಟ್ರಂಕಿನ ತುಂಬ ಅವ ಅದಾವ," ಅಂದರು. ಬಾಕಿ ಎಲ್ಲ ಒಳಗಿಟ್ಟು ಬೀಗ ಹಾಕಿಸಿ, ಕೀಲಿಯನ್ನು ತಾವೇ ಇಟ್ಟುಕೊಂಡರು. ಹೊರಗೆ ಉಳಿದದ್ದು ಅಪ್ಪನ ಸ್ವೆಟರಿನ ಚೀಲ ಒಂದೇ.

ಆ ಚೀಲದಲ್ಲಿ ಇದ್ದದ್ದು ಬೆನ್ನಿನ ಭಾಗ, ಅರ್ಧ. ಅಲ್ಲಿಂದಲೇ ಮುಂದುವರಿಸಿದೆ. ನಾಲ್ಕು ಬೆರಳು ಏರಿದ ಮೇಲೆ ನೋಡಿದರೆ ನಡುವೆ ಒಂದು ಅಡ್ಡಗೆರೆ! ವರ್ಷಗಟ್ಟಲೆ ಬಿಟ್ಟರೆ ಕೈಯ ಬಿಗಿಯೇ ಬದಲಾಗಿಬಿಡುತ್ತದೆ. ಉಲನ್ ಕೂಡ ಸಾಲುತ್ತಿರಲಿಲ್ಲ. ಅದೇ ಕಂಪನಿ, ಅದೇ ಶೇಡ್ ನಂಬರ್ ತಂದರೂ ಬಣ್ಣ ಹೊಂದಲಿಲ್ಲ. ಉಂಡೆಗೆ ಸುತ್ತಿದ ಕಾಗದದ ಪಟ್ಟಿಯ ಮೇಲೆ ಶೇಡ್ ಜೊತೆಗೆ ಲಾಟ್ ನಂಬರ್ ಕೂಡ ಇರುತ್ತದೆ. ಬೇರೆ ಸಲ ಅದ್ದಿದ ಬಣ್ಣ ಒಂದು ಕೂದಲೆಳೆಯಾದರೂ ಬೇರೆಯೇ. ಪೂರ್ತಿ ಬಿಚ್ಚಿದೆ. ಅವತ್ತು ರಾತ್ರಿ ಊಟ ಸೇರಲಿಲ್ಲ, ಖರೆ.

ಹುಬ್ಬಳ್ಳಿಯ ಉಲನ್ ಅಂಗಡಿ ಅಣ್ಣನಿಗೆ ಎರಡನೇ ಥ್ಯಾಂಕ್ಸ್. ಒಂದೇ ಲಾಟಿನ 600 ಗ್ರಾಂ ಬೂದುಬಣ್ಣದ ಉಲನ್ ಹುಡುಕಿ ಕೊಟ್ಟರು. ಮುಂದಿನ ವಾರ ಅರಿಶಿನ ಬಣ್ಣದ ಉಂಡೆ ಕೈಗೆತ್ತಿಕೊಂಡಾಗ, "ಅಕ್ಕಾರ, ಹಿಂದಿಂದು ಮುಗೀತೇನ್ರಿ?" ಅಂತ ಕೇಳಿ ಅದನ್ನು ವಾಪಸ್ ಕಪಾಟಿಗೆ ಇಟ್ಟರು. ವ್ಯಾಪಾರ ಬೇಡವೆನ್ನುವ ಅಂಗಡಿಯವರು ಎಷ್ಟು ಜನ ಸಿಗುತ್ತಾರೆ?

ಅಂಚಿನ ಪಟ್ಟಿ 10ನೇ ನಂಬರಿನಲ್ಲಿ, ಮೈ 8ನೇ ನಂಬರಿನಲ್ಲಿ. (ನಮ್ಮ ಸೂಜಿಗಳಲ್ಲಿ ನಂಬರ್ ಏರಿದಷ್ಟೂ ಸೂಜಿ ತೆಳ್ಳಗೆ. ಹೊಸಬರು ಇಲ್ಲೇ ಎಡವುತ್ತಾರೆ.) ಹೆಚ್ಚಿನ ಕೆಲಸ ನಡೆದದ್ದು ಚಿಗರಿ ಬಸ್ಸಿನಲ್ಲಿ. ದಿನಾ ಧಾರವಾಡ–ಹುಬ್ಬಳ್ಳಿ, ಸೀಟು ಸಿಕ್ಕರೆ ಆರು ಸಾಲು. ನನ್ನ ಮೊಣಕೈ ತಾಗಿದರೂ ಸುಮ್ನಿದ್ದ ಪಕ್ಕದ ಸೀಟಿನವರಿಗೆಲ್ಲ ಶರಣು. ನವನಗರದ ಹತ್ತಿರ ಉಂಡೆ ಉರುಳಿ ಹಿಂದಿನ ಬಾಗಿಲವರೆಗೆ ಹೋದಾಗ, ದಾರ ಎಳೆಯದೆ ಸುತ್ತಿಕೊಂಡು ತಂದುಕೊಟ್ಟ ಕಾಲೇಜು ಹುಡುಗನಿಗೂ.

ದಸರಾ ಮುಗಿದ ಮೇಲೆ ತೋಳಿನ ಹತ್ತಿರ ಬಂದಾಗ ಬಹಳ ಬೇಜಾರಾಯಿತು. ಒಂದು ತೋಳು ಮುಗಿಸಿ ಮತ್ತೆ ಅದನ್ನೇ ಮೊದಲಿಂದ ಹೆಣೆಯುವುದಿದೆಯಲ್ಲ, ನನ್ನಂಥವಳಿಗೆ ಅದಕ್ಕಿಂತ ಶಿಕ್ಷೆ ಬೇಡ. ಕೀಲಿ ಕೇಳಲು ಕಾಕೂ ಮನೆ ಮೆಟ್ಟಿಲ ತನಕ ಹೋಗಿದ್ದೆ. ಮಗ ಅಡ್ಡ ಬಂದ. "ಮಮ್ಮಿ, ಅಜ್ಜಾಂದು ಮುಗೀತೇನು?" ಹೊಸದೇನಾದರೂ ತಲೆಗೆ ಬಂದರೆ ಬರೆದಿಡು ಅಂತ ತನ್ನ ಹಳೇ ನೋಟ್‌ಬುಕ್ ಕೊಟ್ಟ. ಅದರಲ್ಲೀಗ ಹದಿನಾಲ್ಕು ಪುಟ ತುಂಬಿವೆ. ನನ್ನ ಚಟ ಪೂರ್ತಿ ಹೋಗಿದೆ ಅಂತ ಯಾರೂ ತಿಳಿಯಬೇಡಿ.

ಕಡೆಗೆ ಅಪ್ಪನಿಗೆ. ನಾಲ್ಕು ವರ್ಷದಲ್ಲಿ ಒಂದು ಸಲವೂ "ಎಲ್ಲಿಗೆ ಬಂತು?" ಅಂತ ಕೇಳಲಿಲ್ಲ. ಪ್ರತಿ ಚಳಿಗಾಲ ಹಳೇ ಶಾಲು ಹೊದ್ದುಕೊಂಡೇ ಕೆಲಗೇರಿ ಕೆರೆ ಕಡೆ ವಾಕಿಂಗ್ ಹೋದರು. ಸಂಕ್ರಾಂತಿ ದಿನ ಹಾಕಿಕೊಂಡು ಕನ್ನಡಿ ಮುಂದೆ ನಿಂತರು. ಎಡ ತೋಳು ಅರ್ಧ ಇಂಚು ಉದ್ದ ಆಗಿದೆ. ಅಷ್ಟು ಎಣಿಸಿದರೂ ಎಲ್ಲೋ ಮೂರ್ನಾಲ್ಕು ಸಾಲು ತಪ್ಪಿದೆ. ಅಪ್ಪ ಏನೂ ಹೇಳದೆ ಅದನ್ನು ಒಂದು ಮಡಿಕೆ ಮಡಚಿಕೊಂಡು, ಬಾಯಿಗೆ ಕುಸುರೆಳ್ಳು ಹಾಕಿಕೊಂಡು, ಕೆರೆ ಕಡೆ ಹೊರಟರು.

ಕಾಕೂ ಅವತ್ತೇ ಸಂಜೆ ಕೀಲಿ ಕಳಿಸಿದರು. ಜೊತೆಗೆ ಒಂದು ಮಾತು: "ಒಂದ ತಗಿ. ಮತ್ತ ಬೀಗ ಹಾಕಿ ಕೀಲಿ ವಾಪಸ್ ಕಳಿಸು."

ತಂಗಿಯ ಮಗಳ ಟೋಪಿ ತೆಗೆದಿದ್ದೇನೆ. ಅಳತೆ ಮಾತ್ರ ಹೊಸದಾಗಿ ತಗೋಬೇಕು.