‘ಅಜ್ಜಿ ತೂಕ ಎಷ್ಟು ಮೇಡಂ?’

ಇವರಿಂದ:
ಮನೆ ನಂ. 6ರ ಬಾಡಿಗೆದಾರಳು, ಎರಡನೇ ಮಹಡಿ,
ವಿಜಯಪುರ, ಚಿಕ್ಕಮಗಳೂರು

ಇವರಿಗೆ:
ವ್ಯವಸ್ಥಾಪಕರು,
ಸದರಿ ಕಟ್ಟಡದ ನಿರ್ವಹಣಾ ಸಂಸ್ಥೆ

ದಿನಾಂಕ: 11-08-2025

ವಿಷಯ: ತುಕ್ಕು ಹಿಡಿದ ಮೆಟ್ಟಿಲ ಕಂಬಿ ಕಿತ್ತುಬಂದು ನಮ್ಮ ಅತ್ತೆಯವರ ಕೈ ಮುರಿದಿರುವ ಬಗ್ಗೆ

ಮಾನ್ಯರೇ,

ಈ ವಿಷಯಕ್ಕೆ ಒಂಬತ್ತು ಸಲ ಫೋನ್ ಮಾಡಿದ್ದೇನೆ, ಮೂರು ಸಲ ನಿಮ್ಮ ಆ್ಯಪ್‌ನಲ್ಲಿ ಫೋಟೊ ಸಮೇತ ದೂರು ಹಾಕಿದ್ದೇನೆ. ಕರಾರುಪತ್ರದ ಹನ್ನೊಂದನೇ ಕಲಮನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ, ಅದನ್ನು ಬರೆದವರು ನೀವೇ. ಮೆಟ್ಟಿಲು, ಟೆರೇಸು, ಹೊರಗಿನ ದೀಪ ಯಾರ ಜವಾಬ್ದಾರಿ ಅಂತ ನಿಮಗೆ ಗೊತ್ತು. ಬಾಡಿಗೆಯ ಮೇಲೆ ತಿಂಗಳಿಗೆ 750 ರೂಪಾಯಿ ನಿರ್ವಹಣಾ ಶುಲ್ಕವನ್ನು ಐದನೇ ತಾರೀಖಿನೊಳಗೆ ವಸೂಲಿ ಮಾಡುವಾಗಲಂತೂ ಬಹಳ ಚೆನ್ನಾಗಿ ಗೊತ್ತಿರುತ್ತದೆ.

ಮೆಟ್ಟಿಲ ಮೇಲಿನ ಶೀಟು ಒಡೆದದ್ದು ಹೋದ ವರ್ಷದ ಮಳೆಗೆ. ನೀರು ನೇರ ಕಂಬಿಯ ಬುಡಕ್ಕೇ ಬೀಳುತ್ತಿತ್ತು. ಡಿಸೆಂಬರ್‌ನಲ್ಲಿ ಮೊದಲ ದೂರು ಕೊಟ್ಟಾಗ ಬುಡ ಅಲ್ಲಾಡುತ್ತಿತ್ತು ಅಷ್ಟೆ. ಮಾರ್ಚ್‌ನಲ್ಲಿ ಒಬ್ಬ ಹುಡುಗ ಬಂದು ಬೈಂಡಿಂಗ್ ವೈರ್ ಸುತ್ತಿ, ಅದರ ಮೇಲೆ ಹಸಿರು ಪೇಂಟ್ ಬಳಿದು ಹೋದ. ಸಂಜೆಯೇ ಮೆಸೇಜ್ ಬಂತು: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?’ ಆರಿದ್ರಾ, ಪುನರ್ವಸು ಎರಡು ಮಳೆಯನ್ನೂ ಆ ವೈರು ತಡೆದುಕೊಂಡಿತು. ಪುಷ್ಯಕ್ಕೆ ಆಗಲಿಲ್ಲ.

ಜುಲೈ 24, ಭೀಮನ ಅಮಾವಾಸ್ಯೆ. ಹೂವಿನವಳು ಕೂಗಿದ್ದು ಕೇಳಿ ಅತ್ತೆ ಕೆಳಗಿಳಿಯುತ್ತಿದ್ದರು. ತಿರುವಿನಲ್ಲಿ ಕಂಬಿ ಹಿಡಿದರು, ಕಂಬಿ ಅವರ ಕೈಗೇ ಬಂತು. ಆರು ಮೆಟ್ಟಿಲು ಉರುಳಿದರು. ಎಡಗೈ ಮಣಿಕಟ್ಟು ಮುರಿದು ಪ್ಲೇಟ್ ಹಾಕಿದ್ದಾರೆ. ಎಪ್ಪತ್ತೊಂದನೇ ವಯಸ್ಸಿನಲ್ಲಿ ಸೀರೆ ನೆರಿಗೆ ಹಿಡಿಯಲು ಸೊಸೆಯನ್ನು ಕರೆಯಬೇಕು. ಅವರು ಕರೆಯುವುದಿಲ್ಲ, ನೈಟಿಯಲ್ಲೇ ಕೂತಿರುತ್ತಾರೆ.

28ನೇ ತಾರೀಖು ಸೋಮವಾರ ಬಿಲ್ಲು, ಎಕ್ಸ್‌ರೇ ಹಿಡಿದುಕೊಂಡು ನಿಮ್ಮ ಕಚೇರಿಗೆ ಬಂದೆ. ಐವತ್ತು ನಿಮಿಷ ಕಾಯಿಸಿದ ಮೇಲೆ ನಿಮ್ಮ ಸಿಬ್ಬಂದಿ ಒಂದು ಬಿಳಿ ಹಾಳೆ ತೆಗೆದರು. ‘ಅಜ್ಜಿ ಯಾವ ಚಪ್ಪಲಿ ಹಾಕಿದ್ರು ಮೇಡಂ?’ ಹವಾಯಿ ಅಂದೆ. ‘ಹವಾಯೀನಾ…’ ಅಂತ ರಾಗ ಎಳೆದು, ಪಕ್ಕದ ಹುಡುಗಿಯ ಮುಖ ನೋಡಿ ಬರೆದುಕೊಂಡರು. ‘ಕನ್ನಡಕ?’ ಹಾಕಿದ್ದರು. ‘ಬಿಪಿ, ಶುಗರ್?’ ಬಿಪಿ ಇದೆ ಅಂದೆ. ಅದನ್ನು ಬರೆದು ಕೆಳಗೊಂದು ಗೆರೆಯನ್ನೂ ಎಳೆದರು. ‘ಅಜ್ಜಿ ತೂಕ ಎಷ್ಟು ಮೇಡಂ?’ ಆಸ್ಪತ್ರೆ ಚೀಟಿ ನೋಡಿ 72 ಅಂದುಬಿಟ್ಟೆ. ಹೇಳಬಾರದಿತ್ತು. ಅವರು ಪೆನ್ನು ಕೆಳಗಿಟ್ಟು, ‘ನೋಡಿ ಮೇಡಂ, ಕಂಬಿ ಇರೋದು ಕೈ ಇಡೋಕೆ, ಜೋತು ಬೀಳೋಕಲ್ಲ’ ಅಂದರು. ಹಿಂದೆ ಬಾಡಿಗೆ ಮನೆ ಕೇಳಲು ಬಂದು ಕೂತಿದ್ದ ಗಂಡ ಹೆಂಡತಿ ನಕ್ಕರು. ಆಕೆ ಆಮೇಲೆ ಬಾಯಿಗೆ ಸೆರಗು ಹಿಡಿದಳು, ಅಷ್ಟಾದರೂ ಮರ್ಯಾದೆ ಇತ್ತು. ತಾವು ಗಾಜಿನ ಕೋಣೆಯಲ್ಲೇ ಇದ್ದಿರಿ. ಮೊಬೈಲಿನಿಂದ ಒಮ್ಮೆ ತಲೆ ಎತ್ತಿ, ಮತ್ತೆ ತಗ್ಗಿಸಿದಿರಿ. ಬಾಗಿಲು ಎದ್ದು ಬರಲಾಗದಷ್ಟು ದೂರವೇನೂ ಇರಲಿಲ್ಲ.

ಎದ್ದು ಹೊರಟಾಗ ಹಿಂದಿನಿಂದ ಇನ್ನೊಂದು ಮಾತು ಬಂತು: ‘ಬಾಡಿಗೆ ಕಾಯ್ದೆ ನಿಮಗೆ ಬರಲ್ಲ ಮೇಡಂ, ಬೇಕಾದ್ರೆ ವಿಚಾರಿಸಿ.’

ವಿಚಾರಿಸಿದೆ. ಅದೊಂದು ಅವರು ನಿಜವನ್ನೇ ಹೇಳಿದ್ದರು. ಕರ್ನಾಟಕ ಬಾಡಿಗೆ ಕಾಯ್ದೆ 1999 ದೊಡ್ಡ ಊರುಗಳಲ್ಲಿ ಕೂಡ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗೆ ಅನ್ವಯಿಸುವುದಿಲ್ಲ, ನಾನು ಕಟ್ಟುವುದು 11,000. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಎಲ್ಲೂ ಹೋಗಿಲ್ಲ. ಮಾಲೀಕರ ಕಡೆಯವರು ಮಾಡಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು ಎನ್ನುತ್ತದೆ ಅದರ 108ನೇ ಕಲಂ. ಇದು ಡಿಸೆಂಬರ್‌ನಲ್ಲೇ ಗೊತ್ತಿದ್ದರೆ ಯಾರಾದರೂ ವೆಲ್ಡರ್ ಕರೆಸಿ ಒಂದೆರಡು ಸಾವಿರದಲ್ಲಿ ಮುಗಿಸುತ್ತಿದ್ದೆ. ಗೊತ್ತಿಲ್ಲದೆ ನಿಮ್ಮನ್ನು ನಂಬಿದೆ. ರಾತ್ರಿ ಅತ್ತೆ ನೋವಿಗೆ ಮಗ್ಗಲು ಬದಲಿಸುವಾಗ ನನಗೆ ಚುಚ್ಚುವುದು ಅದೇ.

ಈಗ ಕೇಳುತ್ತಿರುವುದು ಇಷ್ಟು: ಆಸ್ಪತ್ರೆ ಖರ್ಚು 46,300 ರೂಪಾಯಿ (ಬಿಲ್ಲಿನ ನಕಲು ಲಗತ್ತಿಸಿದೆ), ಮೇಲಿನ ಶೀಟು ಬದಲಾಯಿಸುವುದು, ಮತ್ತು ಅತ್ತೆಯವರಿಗೆ ಒಂದು ಕ್ಷಮಾಪಣೆ ಪತ್ರ. ಹದಿನೈದು ದಿನ ಕಾಯುತ್ತೇನೆ.

ಆಮೇಲೆ ಫೋನ್ ಮಾಡುವುದಿಲ್ಲ. ಶುಲ್ಕ ತೆಗೆದುಕೊಂಡು ಸೇವೆ ಕೊಡದವರಿಗೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2 ವರ್ಷ ಕಾಲಾವಕಾಶವಿದೆ, ನಾನು ಕಟ್ಟಿರುವಂಥ ಮೊತ್ತಕ್ಕೆ ಅರ್ಜಿ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದೂ ಇಲ್ಲ. ಪೊಲೀಸ್ ಠಾಣೆಯೂ ಇದೆ. ಮೂಳೆ ಮುರಿದರೆ ಅದು ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯ. ನಿರ್ಲಕ್ಷ್ಯದಿಂದ ಹಾಗೆ ಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ 3 ವರ್ಷದವರೆಗೆ ಕಂಬಿ ಎಣಿಸಲು ಅವಕಾಶ ಕೊಟ್ಟಿದೆ. ಅಲ್ಲಿಯ ಕಂಬಿ ಗಟ್ಟಿ ಇರುತ್ತದಂತೆ, ಜೋತು ಬಿದ್ದರೂ ಕಿತ್ತು ಬರುವುದಿಲ್ಲ.

ಇನ್ನೊಂದು. ಏಳು ತಿಂಗಳು ಸಿಗದಿದ್ದ ವೆಲ್ಡರ್ ಅತ್ತೆ ಬಿದ್ದ ಮಾರನೇ ದಿನವೇ ಸಿಕ್ಕರು, ಮುಕ್ಕಾಲು ಗಂಟೆಯಲ್ಲಿ ಹೊಸ ಕಂಬಿ ನಿಂತಿತು. ಸಂತೋಷ. ಹಳೆಯ ತುಂಡು ಎಲ್ಲಿ ಅಂತ ನಿಮ್ಮ ಹುಡುಗರು ಎರಡು ಸಲ ಬಂದು ಪಕ್ಕದ ಮನೆಯಲ್ಲಿ ಕೇಳಿದರಂತೆ. ಅವರಿಗೆ ತೊಂದರೆ ಕೊಡಬೇಡಿ. ವೈರು, ಪೇಂಟ್ ಸಮೇತ ಅದು ಅತ್ತೆಯವರ ಮಂಚದ ಕೆಳಗೆ ಗೋಣಿಚೀಲದಲ್ಲಿದೆ. ತೂಕ ನಾಲ್ಕೂವರೆ ಕೆ.ಜಿ. ಬರೆದುಕೊಳ್ಳಿ.

ಇತಿ,
ಮನೆ ನಂ. 6