ಅಪಘಾತ ಪರಿಹಾರ: ಕಾಗದಪತ್ರಗಳು ಪಾಟಿ ಸವಾಲಿಗೆ ಮುಂಚೆಯೇ ಕೈಸೇರಲಿ

ಮಾನ್ಯರೇ,

ರಸ್ತೆ ಅಪಘಾತದ ಪರಿಹಾರ ಅರ್ಜಿ ವರ್ಷಗಟ್ಟಲೆ ಎಳೆದಾಡಿದರೆ ನ್ಯಾಯಾಧೀಶರ ಕೊರತೆ, ವಕೀಲರ ವಾಯಿದೆ ಎಂದು ಕಾರಣ ಹೇಳುವುದು ವಾಡಿಕೆ. ಅವೆರಡೂ ಸುಳ್ಳಲ್ಲ. ಆದರೆ ನ್ಯಾಯಾಲಯದ ಕಚೇರಿಯಲ್ಲಿ ಕಡತಗಳ ನಡುವೆಯೇ ಸೇವೆ ಮುಗಿಸಿದ ನನಗೆ ಕಂಡ ಇನ್ನೊಂದು ಕಾರಣದ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಎದುರುದಾರರ ಬಳಿ ತನಗೆ ವಿರುದ್ಧವಾದ ಯಾವ ಕಾಗದವಿದೆ ಎಂಬುದು ಗಾಯಾಳುವಿಗೆ ಸಾಕ್ಷಿಕಟ್ಟೆ ಹತ್ತಿದ ಮೇಲೆಯೇ ತಿಳಿಯುತ್ತದೆ.

ನನ್ನ ಸೋದರಳಿಯನ ಪ್ರಕರಣವನ್ನೇ ಹೇಳುತ್ತೇನೆ. ಬೈಕಿಗೆ ಟೆಂಪೊ ಡಿಕ್ಕಿ ಹೊಡೆದು ಅವನ ತೊಡೆಮೂಳೆ ಮುರಿದಿತ್ತು. ಎಫ್‌ಐಆರ್, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ, ಆರೋಪಪಟ್ಟಿ, ಆಸ್ಪತ್ರೆಯ ಬಿಲ್ಲುಗಳು ಎಲ್ಲವನ್ನೂ ನಾವು ಹಾಜರುಪಡಿಸಿದೆವು. ವಿಮಾ ಕಂಪನಿಯ ಆಕ್ಷೇಪಣೆಯಲ್ಲಿ ಇದ್ದದ್ದು ಅಪಘಾತ, ವಯಸ್ಸು, ಆದಾಯ ಎಲ್ಲವನ್ನೂ ಅಲ್ಲಗಳೆಯುವ ಸಿದ್ಧ ವಾಕ್ಯಗಳು ಮಾತ್ರ. ಎರಡು ವರ್ಷದ ನಂತರ ಪಾಟಿ ಸವಾಲಿನ ದಿನ ಅವರ ವಕೀಲರು ಆಸ್ಪತ್ರೆಯ ಮೊದಲ ರಾತ್ರಿಯ ಹಾಳೆಯೊಂದನ್ನು ಹೊರತೆಗೆದರು. ಅದರಲ್ಲಿ 'ಬೈಕಿನಿಂದ ಬಿದ್ದು ಗಾಯ' ಎಂದಷ್ಟೇ ಇತ್ತು. ಅವನನ್ನು ಕರೆತಂದ ದಾರಿಹೋಕರು ಹೇಳಿದ್ದನ್ನು ಕರ್ತವ್ಯದಲ್ಲಿದ್ದ ವೈದ್ಯರು ಬರೆದುಕೊಂಡಿದ್ದರು. ಇದನ್ನು ವಿವರಿಸಲು ಆಸ್ಪತ್ರೆಯಿಂದ ಸಾಕ್ಷಿಯನ್ನು ಕರೆಸಬೇಕಾಯಿತು, ಅದಕ್ಕೆ ನಾಲ್ಕು ವಾಯಿದೆಗಳು ಹಿಡಿದವು. ಆಕ್ಷೇಪಣೆಯ ಜೊತೆಗೇ ಆ ಹಾಳೆಯ ಪ್ರತಿ ನಮ್ಮ ಕೈಗೆ ಬಂದಿದ್ದರೆ ಈ ಅಲೆದಾಟ ತಪ್ಪುತ್ತಿತ್ತು.

ವಿಮಾ ಕಂಪನಿಯ ವಕೀಲರು ಕಾನೂನು ಮೀರಿದರೆಂದು ನಾನು ಹೇಳಲಾರೆ. ದಾಖಲೆಗಳನ್ನು ಆರಂಭದಲ್ಲೇ ಸಲ್ಲಿಸಬೇಕೆನ್ನುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 7 ಮತ್ತು 8ನೇ ಆದೇಶಗಳೇ (ಸಂಹಿತೆಯ ಅಧ್ಯಾಯಗಳಿಗೆ 'ಆದೇಶ' ಎನ್ನುತ್ತಾರೆ), ಪಾಟಿ ಸವಾಲಿನಲ್ಲಿ ಸಾಕ್ಷಿಯ ಮುಂದಿಡುವ ದಾಖಲೆಗೆ ವಿನಾಯಿತಿ ಕೊಟ್ಟಿವೆ. ಆ ವಿನಾಯಿತಿ ಸಾಕ್ಷಿಗಳಿಗೆ ಮಾತ್ರವಲ್ಲ, ಸಾಕ್ಷಿ ನುಡಿಯುವ ಪಕ್ಷಗಾರರಿಗೂ ಅನ್ವಯಿಸುತ್ತದೆ ಎಂದು 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸುಳ್ಳು ಅಪಘಾತ ಸೃಷ್ಟಿಸುವವರನ್ನು ಹಿಡಿಯಲು ಇಂಥ ಅಸ್ತ್ರ ಬೇಕು, ಒಪ್ಪೋಣ. ಆದರೆ ಚಾಲನಾ ಪರವಾನಗಿಯ ಬಗ್ಗೆ ಆರ್‌ಟಿಒ ಕಚೇರಿಯಿಂದ ತಂದ ವಿವರವನ್ನೋ ಕಂಪನಿಯ ತನಿಖೆಗಾರ ಸಂಗ್ರಹಿಸಿದ ಆಸ್ಪತ್ರೆ ದಾಖಲೆಯನ್ನೋ ಬಚ್ಚಿಡುವುದರಿಂದ ಯಾವ ಸತ್ಯ ಹೊರಬರುತ್ತದೆಯೋ ನನಗೆ ತಿಳಿಯದು.

ಬಚ್ಚಿಟ್ಟದ್ದನ್ನು ಮೊದಲೇ ಹೊರತರಿಸುವ ದಾರಿಯೂ ಕಾನೂನಿನಲ್ಲೇ ಇದೆ. ಮೋಟಾರು ವಾಹನ ಕಾಯ್ದೆಯ 169ನೇ ಕಲಂ, ದಾಖಲೆಗಳನ್ನು ಬಹಿರಂಗಪಡಿಸುವಂತೆ ಮತ್ತು ಹಾಜರುಪಡಿಸುವಂತೆ ಒತ್ತಾಯಿಸಲು ಸಿವಿಲ್ ನ್ಯಾಯಾಲಯಕ್ಕಿರುವ ಅಧಿಕಾರವನ್ನು ಪರಿಹಾರ ನ್ಯಾಯಮಂಡಳಿಗೂ ಕೊಟ್ಟಿದೆ. ಸಂಹಿತೆಯ 11ನೇ ಆದೇಶದ ಪ್ರಕಾರ ಸಿವಿಲ್ ದಾವೆಯಲ್ಲಿ ಎದುರು ಪಕ್ಷದ ವಶದಲ್ಲಿರುವ ದಾಖಲೆಗಳ ಪಟ್ಟಿಯನ್ನು ಪ್ರಮಾಣದ ಮೇಲೆ ಕೇಳಬಹುದು, ಲಿಖಿತ ಪ್ರಶ್ನಾವಳಿ ಕಳಿಸಬಹುದು. ನ್ಯಾಯಾಲಯದ ಆದೇಶವನ್ನು ಪಾಲಿಸದ ಪ್ರತಿವಾದಿಯ ವಾದವನ್ನೇ ತೆಗೆದುಹಾಕಬಹುದು. ನನ್ನ ಸೇವಾವಧಿಯಲ್ಲಿ ಅಪಘಾತ ಪ್ರಕರಣಗಳಲ್ಲಿ ಇಂಥ ಅರ್ಜಿ ಬಂದದ್ದು ಬೆರಳೆಣಿಕೆಯಷ್ಟು. ಇನ್ನೊಂದು ಅರ್ಜಿ ಹಾಕಿದರೆ ಇನ್ನೊಂದು ವಾಯಿದೆ ಬೀಳುತ್ತದೆಂಬ ಭಯ ಗಾಯಾಳುವಿನ ವಕೀಲರಿಗಿರುತ್ತದೆ. ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ತಮ್ಮ ವಾದಕ್ಕೆ ಆಧಾರವಾದ ದಾಖಲೆಗಳನ್ನೂ ವಿಮಾ ಪಾಲಿಸಿಯನ್ನೂ ಪಕ್ಷಗಾರರು ಕೇಳದೆಯೇ ಕೊಡಬೇಕು. ವಿಚಾರಣೆಗೆ ಮುಂಚೆಯೇ ಸಾಕ್ಷಿಯನ್ನು ಒಂದು ದಿನ, ಏಳು ಗಂಟೆಯವರೆಗೆ ಪ್ರಶ್ನಿಸಲೂಬಹುದು. ಅಷ್ಟು ದುಬಾರಿಯ ಏರ್ಪಾಡು ನಮಗೆ ಬೇಡ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 50 ದಿನಗಳೊಳಗೆ ಮಧ್ಯಂತರ ವರದಿಯನ್ನು, 90 ದಿನಗಳೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದರ ಪಾಲನೆಗೆ ನಿರ್ದೇಶನಗಳನ್ನೂ ನೀಡಿತು. ಇದು ನಿಜಕ್ಕೂ ಒಳ್ಳೆಯ ಹೆಜ್ಜೆ. ಆದರೆ ಇದರಿಂದ ಎರಡೂ ಕಡೆಗೆ ತಿಳಿಯುವುದು ಪೊಲೀಸರ ಬಳಿ ಇರುವ ವಿವರವೇ ಹೊರತು ಕಂಪನಿ ತನ್ನ ಖರ್ಚಿನಲ್ಲಿ ಕಲೆಹಾಕಿದ್ದಲ್ಲ.

ದಾಖಲೆಗಳನ್ನು ಮೊದಲೇ ಕೊಡುವ ಕಟ್ಟುಪಾಡು ಗಾಯಾಳುವಿಗೂ ಇರಬೇಕು. ಚಿಕಿತ್ಸೆ ನೀಡದ ವೈದ್ಯರೊಬ್ಬರು ಸಾಕ್ಷ್ಯದ ಹಿಂದಿನ ವಾರ ಪರೀಕ್ಷಿಸಿ ಶೇಕಡಾ ಇಷ್ಟು ಅಂಗವೈಕಲ್ಯವೆಂದು ಬರೆದುಕೊಟ್ಟ ಪ್ರಮಾಣಪತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಧಾರಾಳವಾಗಿ ಪ್ರಮಾಣಪತ್ರ ಕೊಡುವ ಇಂಥ ವೈದ್ಯರ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲೇ, ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಪ್ರಕರಣದಲ್ಲಿ, ಎಚ್ಚರಿಸಿತ್ತು. ಅಂಥ ಪ್ರಮಾಣಪತ್ರವೂ ಎಕ್ಸ್‌-ರೇಗಳೂ ಮೊದಲೇ ಕಂಪನಿಗೆ ತಲುಪಿದರೆ ಅದು ತನ್ನ ವೈದ್ಯರಿಂದ ಪರಿಶೀಲಿಸಿಕೊಳ್ಳಬಹುದು, ಅಂಗವೈಕಲ್ಯದ ಪ್ರಮಾಣದ ಬಗ್ಗೆ ಲೋಕ ಅದಾಲತ್‌ನಲ್ಲಿ ರಾಜಿಗೆ ಬರುವ ಧೈರ್ಯವನ್ನೂ ಮಾಡಬಹುದು.

ವಿವಾದಾಂಶಗಳನ್ನು, ಅಂದರೆ ಪ್ರಕರಣದಲ್ಲಿ ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು, ರಚಿಸುವ ದಿನವೇ, ಉಭಯ ಪಕ್ಷದವರೂ ತಮ್ಮ ಬಳಿಯಿರುವ ದಾಖಲೆಗಳ ಪಟ್ಟಿಯನ್ನೂ ಪ್ರತಿಗಳನ್ನೂ 30 ದಿನಗಳಲ್ಲಿ ಪರಸ್ಪರ ಕೊಡಬೇಕೆಂದು ನ್ಯಾಯಮಂಡಳಿಗಳು ಆರ್ಡರ್ ಶೀಟಿನಲ್ಲಿ ಎರಡು ಸಾಲು ಬರೆಯಲಿ. ವಂಚನೆಯ ಶಂಕೆಯಿಂದ ಯಾವುದಾದರೂ ದಾಖಲೆಯನ್ನು ಗುಟ್ಟಾಗಿ ಇಟ್ಟುಕೊಳ್ಳಲೇಬೇಕೆಂದಿದ್ದರೆ ಅದನ್ನು ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಒಪ್ಪಿಸಿ, ಕಾರಣ ತಿಳಿಸಿ ಅನುಮತಿ ಪಡೆಯಲಿ.

– ನಿವೃತ್ತ ಶಿರಸ್ತೇದಾರ, ಹಾಸನ